ಇಂಗ್ಲಿಷ್ ಬರಲ್ವಾ ಅಂತ ಹುಡುಗನನ್ನು ಕೇಳಬೇಡಿ

ಪುಣೆಯ ಒಂದು ಕಾರ್ಡ್ ಅಂಗಡಿ. ಶನಿವಾರ ಸಂಜೆ ನನ್ನ ಅಕ್ಕನ ಮಗ ಅಲ್ಲಿ ಯು-ಗಿ-ಓ ಆಡುತ್ತಿದ್ದ. ಅವನಿಗೆ ಹನ್ನೊಂದು ವರ್ಷ, ಎದುರಿಗೆ ಕೂತವನು ಕಾಲೇಜಿನ ಹುಡುಗ. ನಮ್ಮವನು ‘ಪೀಟೆನ್ ದ ಡಾರ್ಕ್ ಕ್ಲೌನ್’ ಎಂಬ ವಿದೂಷಕನನ್ನು ಬಲಿ ಕೊಟ್ಟು ದೊಡ್ಡದೊಂದು ಮಾನ್‌ಸ್ಟರನ್ನು ಇಳಿಸಿದ. ಆಮೇಲೆ ವಿದೂಷಕನ ಕಾರ್ಡಿನ ಮೇಲೆ ಬೆರಳಿಟ್ಟು ತೋರಿಸಿದ. ಇದು ಗ್ರೇವ್‌ಯಾರ್ಡಿಗೆ ಹೋದಾಗ, ಇದನ್ನು ಆಟದಿಂದಾಚೆ ಹಾಕಿ, ಇಂಥದೇ ಇನ್ನೊಂದನ್ನು ಕೈಯಿಂದಲೋ ಡೆಕ್‌ನಿಂದಲೋ ತರಬಹುದು ಎಂದು ಅದರಲ್ಲಿದೆ. “ಆಗಲ್ಲ, ಟೈಮಿಂಗ್ ಮಿಸ್ ಆಯ್ತು” ಎಂದ ಎದುರಿನವನು. ಹುಡುಗ ಮತ್ತೊಮ್ಮೆ ಓದಿದ, ತುಟಿ ಅಲ್ಲಾಡಿಸುತ್ತ. ಆಗ ಪಕ್ಕದ ಟೇಬಲಿನಿಂದ ಹಿಂದಿಯಲ್ಲಿ ಮಾತು ಬಂತು: ಇಂಗ್ಲಿಷ್ ಓದೋಕೆ ಬರಲ್ವಾ? ಒಂದಿಬ್ಬರು ನಕ್ಕರು.

ಟೈಮಿಂಗ್ ಬಗ್ಗೆ ಕಾಲೇಜಿನ ಹುಡುಗ ಹೇಳಿದ್ದು ನಿಯಮದ ಪ್ರಕಾರ ಸರಿ. ಇಂಗ್ಲಿಷ್ ಬಗ್ಗೆ ಬಂದ ಮಾತು ಮಾತ್ರ ಪೂರ್ತಿ ತಲೆಕೆಳಗು. ನನ್ನ ಅಕ್ಕನ ಮಗ ಆ ವಾಕ್ಯವನ್ನು ಇಂಗ್ಲಿಷ್ ಬಲ್ಲವರು ಹೇಗೆ ಓದುತ್ತಾರೋ ಹಾಗೇ ಓದಿದ್ದ. ಸೋತದ್ದೂ ಅದಕ್ಕೇ.

ನಿಯಮ ಇಷ್ಟು. ಯು-ಗಿ-ಓ ಕಾರ್ಡಿನಲ್ಲಿ ‘ವೆನ್’ ಎಂದು ಶುರುವಾಗಿ ಮುಂದೆ ‘ಯು ಕ್ಯಾನ್’ ಎಂದು ಬಂದರೆ, ಆ ಘಟನೆ ಆಟದಲ್ಲಿ ಕಟ್ಟಕಡೆಗೆ ನಡೆದದ್ದಾಗಿರಬೇಕು. ಅದರ ಹಿಂದೆಯೇ ಇನ್ನೇನಾದರೂ ನಡೆದುಬಿಟ್ಟಿದ್ದರೆ ಅವಕಾಶ ಹೋಯಿತು. ವಿದೂಷಕ ಗ್ರೇವ್‌ಯಾರ್ಡಿಗೆ ಹೋದದ್ದು ಬಲಿಯಾಗಿ. ಅದಾದ ಮೇಲೆ ದೊಡ್ಡ ಮಾನ್‌ಸ್ಟರ್ ಬಂತು. ಕೊನೆಗೆ ನಡೆದದ್ದು ಅದು. ‘ವೆನ್’ ಬದಲು ‘ಇಫ್’ ಇದ್ದಿದ್ದರೆ ತೊಂದರೆಯೇ ಇರಲಿಲ್ಲ. ‘ಯು ಕ್ಯಾನ್’ ಇಲ್ಲದೆ ಕಡ್ಡಾಯದ ಪರಿಣಾಮವಾಗಿದ್ದರೂ ತೊಂದರೆ ಇರಲಿಲ್ಲ, ಆಗ ‘ವೆನ್’ ಇದ್ದರೂ ನಡೆಯುತ್ತದೆ.

ಇದನ್ನು ಮನೆಯ ಮಾತಿಗೆ ತಂದು ನೋಡಿ. “ಅಪ್ಪ ಬಂದಾಗ ದುಡ್ಡು ಕೇಳಬಹುದು” ಎಂದು ಅಮ್ಮ ಹೇಳುತ್ತಾಳೆ. ಅಪ್ಪ ಬಂದರು, ಬಾಗಿಲಲ್ಲಿ ಚಪ್ಪಲಿ ಬಿಟ್ಟರು. ಮುಗಿಯಿತು, ಈಗ ಕೇಳುವಂತಿಲ್ಲ, ಏಕೆಂದರೆ ಕೊನೆಗೆ ನಡೆದದ್ದು ಚಪ್ಪಲಿ ಬಿಟ್ಟದ್ದು. ಆದರೆ ಅಮ್ಮ “ಅಪ್ಪ ಬಂದಾಗ ದುಡ್ಡು ಕೇಳಲೇಬೇಕು” ಎಂದಿದ್ದರೆ ಚಪ್ಪಲಿ ಬಿಟ್ಟಮೇಲೂ ಕೇಳಬಹುದು! ವಾಕ್ಯದ ಕೊನೆಯ ‘ಬಹುದು’ ಎಂಬುದು ಹಿಂದಕ್ಕೆ ಹೋಗಿ ‘ಆಗ’ ಎಂಬುದರ ಹೊತ್ತನ್ನು ಕತ್ತರಿಸುತ್ತದೆ. ಭಾಷಾವಿಜ್ಞಾನದಲ್ಲಿ ಎರಡು ವರ್ಷ ಎಂ.ಎ. ಓದಿದವನು ನಾನು. ಮುಖ್ಯ ಕ್ರಿಯಾಪದದ ಅನುಮತಿ-ಕಡ್ಡಾಯಗಳನ್ನು ನೋಡಿಕೊಂಡು ಅಧೀನ ವಾಕ್ಯದ ಕಾಲ ಕುಗ್ಗುವ ಭಾಷೆಯನ್ನು ನಾನಂತೂ ಕಂಡಿಲ್ಲ. ಇಂಗ್ಲಿಷಂತೂ ಅಂಥ ಭಾಷೆ ಅಲ್ಲ.

ಮೂಲ ಜಪಾನೀ ಕಾರ್ಡುಗಳಲ್ಲೂ ಈ ಭೇದ ಇದೆ, ಅಲ್ಲಿ ‘ತೋಕಿ’ ಮತ್ತು ‘ಬಾಯಿ’ ಎಂಬ ಎರಡು ಪದ. ಒಂದು ಸಮಯ, ಇನ್ನೊಂದು ಸಂದರ್ಭ. ಅನುವಾದಕರು ಅವನ್ನು ‘ವೆನ್’, ‘ಇಫ್’ ಮಾಡಿದರು. ಅದೇ ಕೂಳು ತಿನ್ನುವವನಾದ್ದರಿಂದ ನಾನು ಅವರನ್ನು ಬೈಯುವುದಿಲ್ಲ. ಅವರ ಕೈಗೆ ಕೊಟ್ಟ ಪದವೇ ಅದು ಹೊರಲಾರದ ಭಾರ ಹೊತ್ತು ಬಂದಿತ್ತು.

ಈಗ ಮ್ಯಾಜಿಕ್: ದ ಗ್ಯಾದರಿಂಗ್ ಕಡೆ ನೋಡೋಣ. 1993ರಲ್ಲಿ ಬಂದ ಆಟ, ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ್ದು. ಅಲ್ಲಿ ತಾನಾಗಿ ಎಚ್ಚರಗೊಳ್ಳುವ ಸಾಮರ್ಥ್ಯಗಳು ಮೂರೇ ಪದಗಳಿಂದ ಶುರುವಾಗುತ್ತವೆ: ‘ವೆನ್’, ‘ವೆನೆವರ್’, ‘ಆ್ಯಟ್’. ಬಂದಾಗ, ಬಂದಾಗಲೆಲ್ಲ, ಇಂಥ ಹೊತ್ತಿಗೆ. ಘಟನೆ ನಡೆದರೆ ಸಾಮರ್ಥ್ಯ ಎದ್ದೇ ಏಳುತ್ತದೆ, ಅದರ ಹಿಂದೆ ಏನೇ ನಡೆದಿರಲಿ. 1999ರ ಆರನೇ ಆವೃತ್ತಿಯಿಂದ ಎಲ್ಲವೂ ಸ್ಟ್ಯಾಕ್ ಎಂಬ ಅಟ್ಟಿಯ ಮೇಲೆ ಕೂರುತ್ತವೆ, ಕೊನೆಗೆ ಇಟ್ಟದ್ದು ಮೊದಲು ನಡೆಯುತ್ತದೆ. ಗುರಿ ಇದ್ದರೆ ಅಟ್ಟಿಯ ಮೇಲೆ ಇಡುವಾಗಲೇ ಹೇಳಬೇಕು. ನಡೆಯುವ ಹೊತ್ತಿಗೆ ಎಲ್ಲ ಗುರಿಗಳೂ ತಪ್ಪಿಹೋಗಿದ್ದರೆ ಅದು ನಡೆಯುವುದೇ ಇಲ್ಲ. ‘ಮೇ’ ಎಂದಿದ್ದರೆ, ಮಾಡುವುದೋ ಬಿಡುವುದೋ ಎಂದು ನಡೆಯುವಾಗ ಹೇಳಿದರಾಯಿತು. ಆ ‘ಮೇ’ ಹಿಂದಕ್ಕೆ ಹೋಗಿ ‘ವೆನ್’ನ ಕಾಲು ಮುರಿಯುವುದಿಲ್ಲ.

ಹಾಗೆಂದು ಮ್ಯಾಜಿಕ್ ಮಹಾ ಸಾಚಾ ಅಲ್ಲ. “ಇದು ಬಂದಾಗ, ಇಂಥದ್ದಿದ್ದರೆ, ಕಾರ್ಡ್ ತೆಗೆದುಕೊಳ್ಳಿ” ಎಂದು ‘ಇಫ್’ ನಡುವೆ ಬಂದರೆ ಷರತ್ತನ್ನು ಎರಡು ಸಲ ನೋಡುತ್ತಾರೆ, ಎಚ್ಚರಗೊಳ್ಳುವಾಗ ಒಮ್ಮೆ, ನಡೆಯುವಾಗ ಇನ್ನೊಮ್ಮೆ. ಅದೇ ‘ಇಫ್’ ವಾಕ್ಯದ ಬಾಲದಲ್ಲಿದ್ದರೆ ನಡೆಯುವಾಗ ಮಾತ್ರ. ಕ್ರಿಯಾಪದ ಕೊನೆಗೆ ಬರುವ ನಮ್ಮ ಭಾಷೆಯಲ್ಲಿ ಬಾಲಕ್ಕೆ ಜಾಗವೇ ಇಲ್ಲ. “ಇದ್ದರೆ” ಯಾವಾಗಲೂ “ತೆಗೆದುಕೊಳ್ಳಿ”ಗಿಂತ ಮುಂಚೆ ಬರುತ್ತದೆ. ಅಕ್ಕನ ಮಗನಿಗೆ ಕನ್ನಡದಲ್ಲಿ ಹೇಳಿಕೊಡಲು ಹೋಗಿ ನಾನು ಅರ್ಧ ಗಂಟೆ ತಡವರಿಸಿದ್ದು ಇದೊಂದಕ್ಕೇ.

ಆದರೂ ಮ್ಯಾಜಿಕ್‌ನವರಿಂದ ಕಲಿಯಬೇಕಾದದ್ದು ಒಂದಿದೆ. 2007ರ ‘ಒಬ್ಲಿವಿಯನ್ ರಿಂಗ್’ ಎಂಬ ಕಾರ್ಡಿನಲ್ಲಿ ಎರಡು ಸಾಮರ್ಥ್ಯ ಇದ್ದವು. ಇದು ಕಣಕ್ಕೆ ಬಂದಾಗ ಇನ್ನೊಂದು ಕಾರ್ಡನ್ನು ಗಡಿಪಾರು ಮಾಡು. ಇದು ಹೋದಾಗ ಆ ಕಾರ್ಡನ್ನು ಹಿಂದಿರುಗಿಸು. ಚಾಣಾಕ್ಷರು ಒಂದು ಕಿಂಡಿ ಕಂಡುಕೊಂಡರು. ಗಡಿಪಾರಿನ ಟ್ರಿಗರ್ ಇನ್ನೂ ಸ್ಟ್ಯಾಕ್ ಮೇಲಿರುವಾಗಲೇ ತಮ್ಮದೇ ರಿಂಗನ್ನು ಕಣದಿಂದ ತೆಗೆದುಬಿಡುವುದು. ಹಿಂದಿರುಗಿಸುವ ಟ್ರಿಗರ್ ಮೇಲೆ ಕೂತು ಮೊದಲು ನಡೆಯುತ್ತದೆ, ಹಿಂದಿರುಗಿಸಲು ಇನ್ನೂ ಏನೂ ಇರುವುದಿಲ್ಲ. ಆಮೇಲೆ ಗಡಿಪಾರು ನಡೆಯುತ್ತದೆ, ಆ ಕಾರ್ಡು ಮತ್ತೆ ಬರುವುದೇ ಇಲ್ಲ. ಹೊಸಬರು ಓದಿದ ಅರ್ಥಕ್ಕೆ ಇದು ನೇರ ವಿರುದ್ಧ. ಕಂಪನಿ ಏನು ಮಾಡಿತು? ಹೊಸಬರನ್ನು ನೋಡಿ ನಗಲಿಲ್ಲ. ಮುಂದಿನ ಕಾರ್ಡುಗಳಲ್ಲಿ ವಾಕ್ಯವನ್ನೇ ಬದಲಿಸಿತು. 2014ರ ‘ಬ್ಯಾನಿಷಿಂಗ್ ಲೈಟ್’ನಲ್ಲಿ ಎರಡರ ಬದಲು ಒಂದೇ ವಾಕ್ಯ: ಇದು ಕಣ ಬಿಡುವವರೆಗೆ ಆ ಕಾರ್ಡನ್ನು ಗಡಿಪಾರು ಮಾಡು. ‘ವರೆಗೆ’ ಎಂಬ ಒಂದು ಪದದಿಂದ ಕಿಂಡಿ ಮುಚ್ಚಿತು. ಕಾರ್ಡಿನಲ್ಲಿ ಜಾಗ ಸಾಲದು ಎನ್ನುವವರು ಗಮನಿಸಿ, ಸರಿಯಾದ ವಾಕ್ಯವೇ ಚಿಕ್ಕದಾಗಿತ್ತು.

ಯು-ಗಿ-ಓ ಕೂಡ ಇಂಥ ಕೆಲಸ ಮಾಡಬಲ್ಲದು, ಮಾಡಿಯೂ ಇದೆ. 2011ರಲ್ಲಿ ಇಂಗ್ಲಿಷ್ ಕಾರ್ಡುಗಳ ಬರವಣಿಗೆಯನ್ನು ತಿದ್ದಿದರು. ಕೋಲನ್‌ಗೆ ಮುಂಚೆ ಇರುವುದು ಯಾವಾಗ ಎಂಬುದು. ಸೆಮಿಕೋಲನ್‌ಗೆ ಮುಂಚೆ ಇರುವುದು ಬೆಲೆ ಮತ್ತು ಗುರಿ. ಅದರ ನಂತರದ್ದು ಪರಿಣಾಮ. ‘ಟಾರ್ಗೆಟ್’ ಎಂದು ಬರೆದಿದ್ದರೆ ಗುರಿ, ಇಲ್ಲದಿದ್ದರೆ ಅಲ್ಲ. ವಿರಾಮಚಿಹ್ನೆಗೆ ಇಷ್ಟು ಗೌರವ ಕೊಟ್ಟವರನ್ನು ಭಾಷೆಯವರು ಮೆಚ್ಚಲೇಬೇಕು. ಆದರೆ ಅದೇ ಹೊತ್ತಿಗೆ ‘ವೆನ್... ಯು ಕ್ಯಾನ್’ ಎಂಬ ಬೋನನ್ನು ಮಾತ್ರ ಹಾಗೆಯೇ ಉಳಿಸಿಕೊಂಡರು.

ಪ್ರತಿ ಆಟಕ್ಕೂ ತನ್ನ ಪರಿಭಾಷೆ ಇರುತ್ತದೆ, ಕ್ರಿಕೆಟ್ಟಿನಲ್ಲಿ ಎಲ್‌ಬಿಡಬ್ಲ್ಯು ಇಲ್ಲವೇ ಎನ್ನುತ್ತಾರೆ. ಇರಲಿ. ಎಲ್‌ಬಿಡಬ್ಲ್ಯು ಕೇಳಿದ ಮಗು “ಅಂದ್ರೇನು?” ಎಂದು ಕೇಳುತ್ತದೆ. ಮ್ಯಾಜಿಕ್‌ನ ‘ಹೆಕ್ಸ್‌ಪ್ರೂಫ್’ ಕಂಡರೂ ಕೇಳುತ್ತದೆ. ಗೊತ್ತಿಲ್ಲದ ಪದ ಪ್ರಾಮಾಣಿಕವಾದದ್ದು, ತಾನು ಗೊತ್ತಿಲ್ಲ ಎಂದು ಮುಖದ ಮೇಲೇ ಬರೆದುಕೊಂಡಿರುತ್ತದೆ. ‘ವೆನ್’ ಎಂಬುದನ್ನು ಯಾವ ಮಗು ಕೇಳುತ್ತದೆ? ಒಂದನೇ ಕ್ಲಾಸಿನಲ್ಲಿ ಕಲಿತ ಪದ. ಅದಕ್ಕೇ ಅಲ್ಲಿ ಬೀಳುವುದು.

ಇನ್ನು ಕೆಲವರು, ಟೈಮಿಂಗ್ ತಪ್ಪದಂತೆ ಆಡುವುದೇ ಜಾಣತನ ಎನ್ನುತ್ತಾರೆ. ಯಾವ ಕಾರ್ಡಿನಲ್ಲಿ ‘ವೆನ್’, ಯಾವುದರಲ್ಲಿ ‘ಇಫ್’ ಎಂದು ಬಾಯಿಪಾಠ ಮಾಡುವುದು ಮಗ್ಗಿ ಕಲಿತಂತೆ, ಅದರಲ್ಲಿ ಆಟವೇನೂ ಇಲ್ಲ. ಎದುರಾಳಿಯ ನಡೆಗೆ ತಕ್ಷಣ ಉತ್ತರ ಕೊಡುವ ಕಾರ್ಡುಗಳಿಗೆ ಬಿಗಿಯಾದ ಹೊತ್ತು ಬೇಕು, ಒಪ್ಪುತ್ತೇನೆ. ಅಲ್ಲಿ ‘ಕೂಡಲೇ’ ಎಂದು ಬರೆಯಿರಿ. ನಮ್ಮಲ್ಲಿ ಬಂದಾಗ, ಬಂದರೆ, ಬಂದ ಮೇಲೆ, ಬಂದ ಕೂಡಲೇ ಎಂದು ಬೇರೆ ಬೇರೆ ಇವೆ. ಇಂಗ್ಲಿಷಿನಲ್ಲೂ ‘ಇಮ್ಮೀಡಿಯೆಟ್ಲಿ’ ಎಂಬ ಪದಕ್ಕೆ ಬರವಿಲ್ಲ. ಉಳಿದ ಕಡೆ ಈ ನಿಯಮ ತೆಗೆದುಹಾಕಿದರೆ ಆಟ ಮುಳುಗುವುದಿಲ್ಲ. ಹೊಸ ಕಾರ್ಡುಗಳಲ್ಲಿ ಹೆಚ್ಚಿನವು ಈಗಾಗಲೇ ‘ಇಫ್’ ಎಂದೇ ಬರೆಯುತ್ತಿವೆ. ಅಂದರೆ ಬೋನಿಗೆ ಬೀಳುವವರು ಅಗ್ಗಕ್ಕೆ ಸಿಗುವ ಹಳೆಯ ಕಾರ್ಡುಗಳಿಂದ ಡೆಕ್ ಕಟ್ಟುವವರು, ಪಾಕೆಟ್ ಮನಿ ಕೂಡಿಟ್ಟು ಬರುವ ಹುಡುಗರು.

ಆಟಗಾರರ ಬಾಯಲ್ಲಿ ಒಂದು ಮಾತಿದೆ, ಕಾರ್ಡ್ ಓದು, ಕಾರ್ಡೇ ಹೇಳುತ್ತದೆ ಅಂತ. ಹೇಳುವ ಕಾರ್ಡಿಗೆ ಸರಿ. ವಿದೂಷಕನ ಕಾರ್ಡು ಹೇಳುವುದಿಲ್ಲ. ನಿಯಮ ಇರುವುದು ಬೇರೆಲ್ಲೋ, ಕಾರ್ಡಿನಲ್ಲಿರುವುದು ಅದರ ಸುಳ್ಳು ಸುಳಿವು. ನಿಯಮ ಗೊತ್ತಿಲ್ಲದ ಹುಡುಗನಿಗೆ ನಿಯಮ ಹೇಳಿಕೊಡಿ, ಒಂದು ನಿಮಿಷದ ಕೆಲಸ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್ ಮಾತಾಡುವ ಹುಡುಗನಿಗೆ ಓದೋಕೆ ಬರಲ್ವಾ ಎಂದರೆ ಅವನು ಮುಂದಿನ ಸಲ ವಾದಿಸುವುದಿಲ್ಲ, ಸುಮ್ಮನೆ ಕಾರ್ಡ್ ಎತ್ತಿಕೊಳ್ಳುತ್ತಾನೆ. ಆ ಸಂಜೆ ಇವನೂ ಹಾಗೇ ಮಾಡಿದ.

ಆಟೋದಲ್ಲಿ ಬರುವಾಗ “ಮಾಮಾ, ನಾನು ತಪ್ಪು ಓದಿದ್ನಾ?” ಎಂದು ಕೇಳಿದ. ಇಲ್ಲ ಕಣೋ ಎಂದೆ. ಈಗ ಅವನ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಕನ್ನಡದಲ್ಲೇ ಎರಡು ಪಟ್ಟಿ ಇವೆ, ‘ಕೂಡಲೇ’ ಮತ್ತು ‘ಆದ್ರೆ ಸಾಕು’. ಮೊದಲನೆಯದರಲ್ಲಿ ವಿದೂಷಕನ ಹೆಸರಿಗೆ ಎರಡು ಗೆರೆ ಎಳೆದಿದ್ದಾನೆ.