ಗುಟ್ಟು ಸೋರಿದ್ದು ಯಾರ ಕಡೆಗೆ?

ಚಿತ್ರದುರ್ಗದ ಏಳು ಸುತ್ತಿನ ಕೋಟೆ ಹತ್ತಿದವರೆಲ್ಲ ಒಂದು ಕಿಂಡಿಯ ಮುಂದೆ ನಿಂತೇ ನಿಲ್ಲುತ್ತಾರೆ. ಬಂಡೆಗಳ ನಡುವೆ ಒಬ್ಬರು ಮೈ ಬಗ್ಗಿಸಿ ನುಸುಳುವಷ್ಟು ಜಾಗ. ದುರ್ಗದ ಜನ ಹೇಳಿಕೊಂಡು ಬಂದ ಕತೆಯಂತೆ, ಹೈದರಾಲಿಯ ಸೈನ್ಯ ಎಷ್ಟು ದಿನ ಮುತ್ತಿಗೆ ಹಾಕಿದರೂ ಕೋಟೆ ಜಗ್ಗಲಿಲ್ಲ. ಕಡೆಗೊಂದು ದಿನ ಮೊಸರು ಮಾರುವ ಹೆಂಗಸೊಬ್ಬಳು ಆ ಕಿಂಡಿಯಿಂದ ಬಂದುಹೋದದ್ದು ಶತ್ರುಗಳ ಕಣ್ಣಿಗೆ ಬಿತ್ತು. ಮುಂದಿನದು ಎಲ್ಲರಿಗೂ ಗೊತ್ತು. ಕಾವಲುಗಾರ ಊಟಕ್ಕೆ ಕುಳಿತಿದ್ದ ಹೊತ್ತಿನಲ್ಲಿ ನೀರಿಗೆ ಹೋದ ಅವನ ಹೆಂಡತಿ ಓಬವ್ವ ಪಿಸುಮಾತು ಕೇಳಿದಳು, ಒನಕೆ ಹಿಡಿದು ನಿಂತಳು.

ಒನಕೆಯನ್ನು ನೆನೆಯುವ ಭರದಲ್ಲಿ ಮರೆತುಹೋಗುವ ಸಂಗತಿ ಒಂದಿದೆ. ಕೋಟೆಯಲ್ಲಿ ಎಷ್ಟು ಮದ್ದುಗುಂಡು ಇದೆ, ಎಷ್ಟು ದವಸ ಇದೆ ಎಂಬ ಗುಟ್ಟು ಅಂದು ಬಯಲಾಗಲಿಲ್ಲ. ಬಯಲಾದದ್ದು ದಾರಿ. ಅದೊಂದೇ ಸಾಕಾಯಿತು. 1779ರಲ್ಲಿ ಕೋಟೆ ಕೊನೆಗೂ ಹೈದರನ ವಶವಾದದ್ದು ಒಳಗಿದ್ದವರ ದ್ರೋಹದಿಂದ ಎಂದು ಬ್ರಿಟಿಷರ ಕಾಲದ ಗೆಜೆಟಿಯರ್ ಬರೆದಿದೆ. ಹೊರಗಿನವರ ಕಣ್ಣು, ಒಳಗಿನವರ ಬಾಯಿ: ಗುಟ್ಟು ಸೋರುವುದಕ್ಕೆ ಇರುವ ಹಾದಿಗಳು ಇಂದಿಗೂ ಇವೆರಡೇ.

ದುರ್ಗದ ಪಾಳೆಯಗಾರರ ಮೂಲಪುರುಷ ತಿಮ್ಮಣ್ಣ ನಾಯಕ ವಿಜಯನಗರದವರ ಕೈಕೆಳಗೆ ಮೊದಲು ಹೊಳಲ್ಕೆರೆಗೆ, ಆಮೇಲೆ ಹಿರಿಯೂರಿಗೆ, ಕಡೆಗೆ ಚಿತ್ರದುರ್ಗಕ್ಕೆ ನಾಯಕನಾದ. ಹೊಸದುರ್ಗದ ಬೆಟ್ಟದ ಕೋಟೆಯೂ ಅದೇ ಮನೆತನದವರು ಕಟ್ಟಿಸಿದ್ದೇ. ಆ ಕಾಲದ ಕಾವಲು ಕಣ್ಣಿಗೆ ಕಾಣುತ್ತಿತ್ತು. ಬತ್ತೇರಿಯ ಮೇಲೆ ಆಳು ನಿಂತಿದ್ದಾನೆ ಎಂದು ಬಯಲಿನಲ್ಲಿ ಹೋಗುವವನಿಗೂ ತಿಳಿಯುತ್ತಿತ್ತು. ಈಗಿನ ಕಾವಲು ಹಾಗಲ್ಲ. ಮೊಬೈಲ್ ಟವರಿನ ದಾಖಲೆ, ಟೋಲ್‌ಗೇಟಿನ ಕ್ಯಾಮೆರಾ, ಲಾಡ್ಜಿನ ರಿಜಿಸ್ಟರು, ಸಿಮ್ ಕಾರ್ಡಿಗೆ ಕೊಟ್ಟ ಗುರುತಿನ ಚೀಟಿ, ಇವೇ ಇಂದಿನ ಬತ್ತೇರಿಗಳು. ಹಿರಿಯೂರಿನ ಹೆದ್ದಾರಿಯಲ್ಲಿ ಹಗಲು ರಾತ್ರಿ ಓಡುವ ಸಾವಿರಾರು ವಾಹನಗಳಲ್ಲಿ ಒಂದನ್ನು ಹುಡುಕಬೇಕಾದರೆ ಪೊಲೀಸರು ನೆಚ್ಚುವುದು ಇವನ್ನೇ. ಇವುಗಳ ಜೊತೆಗೆ, ಯಂತ್ರಗಳು ಎಷ್ಟೇ ಬಂದರೂ ಬದಲಿ ಇಲ್ಲದ ಇನ್ನೊಬ್ಬನಿದ್ದಾನೆ. ಅವನು ಬಾತ್ಮೀದಾರ.

ಸೋರಿಕೆಯ ಬೆಲೆ ಮೊದಲು ತೆರುವವನೂ ಅವನೇ. ವೀರಪ್ಪನ್‌ನ ಕಾಡಿನಂಚಿನ ಹಳ್ಳಿಗಳಲ್ಲಿ ಪೊಲೀಸರಿಗೆ ಸುಳಿವು ಕೊಟ್ಟರೆಂಬ ಬರೀ ಅನುಮಾನಕ್ಕೆ ಜನ ಪ್ರಾಣ ಕಳೆದುಕೊಂಡರು. 1992ರ ಆಗಸ್ಟ್‌ನಲ್ಲಿ ಮೀಣ್ಯಂ ಬಳಿ ಎಸ್‌ಪಿ ಹರಿಕೃಷ್ಣ, ಸಬ್‌ಇನ್ಸ್‌ಪೆಕ್ಟರ್ ಶಕೀಲ್ ಅಹಮದ್ ಮತ್ತು ಅವರ ಜೊತೆಗಿದ್ದ ಪೊಲೀಸರು ಹತರಾದದ್ದು ಸುಳ್ಳು ಸುಳಿವಿನ ಬಲೆಗೆ ಬಿದ್ದು. ಪೊಲೀಸರಿಗೆ ಸುದ್ದಿ ಬರುವ ದಾರಿ ಎದುರಾಳಿಗೆ ತಿಳಿದರೆ ಆ ದಾರಿ ಬತ್ತಿಹೋಗುವುದಷ್ಟೇ ಅಲ್ಲ, ಅದರಲ್ಲಿ ವಿಷವನ್ನೂ ಹರಿಸಬಹುದು. ಹೊಸದುರ್ಗ, ಹೊಳಲ್ಕೆರೆಯಂಥ ಊರಿನಲ್ಲಿ ಯಾರು ಯಾರೊಡನೆ ಚಹಾ ಕುಡಿದರು ಎಂಬುದು ಸಂಜೆಯೊಳಗೆ ಸಂತೆಗೆಲ್ಲ ತಿಳಿಯುತ್ತದೆ. ಅಂಥ ಕಡೆ ‘ಸ್ಥಳೀಯರೊಬ್ಬರು ಕೊಟ್ಟ ಮಾಹಿತಿಯ ಮೇರೆಗೆ’ ಎಂದು ಟಿವಿಯಲ್ಲಿ ಬಂದರೆ ಸಾಕು, ಆ ಸ್ಥಳೀಯ ಯಾರೆಂದು ಊಹಿಸಲು ಹೆಚ್ಚು ಹೊತ್ತು ಬೇಕಿಲ್ಲ.

ಗುಟ್ಟನ್ನು ಬಯಲು ಮಾಡುವವರು ಯಾವಾಗಲೂ ದ್ರೋಹಿಗಳೇ ಎಂದುಕೊಳ್ಳಬೇಕಾಗಿಲ್ಲ. 1999ರ ಮೇ ತಿಂಗಳಲ್ಲಿ ಕಾರ್ಗಿಲ್ ಯುದ್ಧ ನಡೆದಾಗ ಬೀಜಿಂಗ್‌ನಲ್ಲಿದ್ದ ಜನರಲ್ ಮುಷರಫ್ ರಾವಲ್ಪಿಂಡಿಯಲ್ಲಿದ್ದ ತಮ್ಮ ಸಹೋದ್ಯೋಗಿಯೊಡನೆ ಆಡಿದ ಮಾತು ಭಾರತದ ಬೇಹುಗಾರರ ಕಿವಿಗೆ ಬಿತ್ತು. ಜೂನ್ 11ರಂದು ಭಾರತ ಸರ್ಕಾರವೇ ಆ ಟೇಪನ್ನು ಜಗತ್ತಿನ ಮುಂದಿಟ್ಟಿತು. ನುಗ್ಗಿದವರು ಪಾಕಿಸ್ತಾನದ ಸೈನಿಕರೇ ಎಂಬುದಕ್ಕೆ ಸಾಕ್ಷಿ ಸಿಕ್ಕಿತು, ಲಾಭವಾಯಿತು. ಆದರೆ ಎದುರಾಳಿಗೆ ತನ್ನ ಮಾತು ಎಲ್ಲಿ ಕೇಳಿಸುತ್ತಿದೆ ಎಂಬುದೂ ಗೊತ್ತಾಯಿತಲ್ಲ ಎಂದು ಬೇಹುಗಾರಿಕೆಯಲ್ಲಿ ಪಳಗಿದವರು ಟೀಕಿಸಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

2008ರ ನವೆಂಬರ್ 26ರಂದು ಆರಂಭವಾದ ಮುಂಬಯಿ ದಾಳಿಯಲ್ಲಿ ಇನ್ನೊಂದು ಬಗೆಯ ಸೋರಿಕೆ ನಡೆಯಿತು. ಕಮಾಂಡೊಗಳು ಎಲ್ಲಿಳಿದರು, ಯಾವ ಕಡೆಯಿಂದ ಬರುತ್ತಿದ್ದಾರೆ ಎಂಬುದನ್ನು ಟಿವಿ ವಾಹಿನಿಗಳು ನೇರವಾಗಿ ತೋರಿಸಿದವು. ಪಾಕಿಸ್ತಾನದಲ್ಲಿ ಟಿವಿ ಮುಂದೆ ಕುಳಿತಿದ್ದ ಸೂತ್ರಧಾರರು ಅದನ್ನು ಫೋನಿನಲ್ಲಿ ಉಗ್ರಗಾಮಿಗಳಿಗೆ ದಾಟಿಸಿದರು. ಇಲ್ಲಿ ಯಾವ ಕಡತವೂ ಕಳುವಾಗಿರಲಿಲ್ಲ. ಕಸಬ್‌ನ ಮೇಲ್ಮನವಿ ತೀರ್ಪಿನಲ್ಲಿ, 2012ರಲ್ಲಿ, ಸುಪ್ರೀಂ ಕೋರ್ಟ್ ಈ ಪ್ರಸಾರವನ್ನು ಕಟುವಾಗಿ ಖಂಡಿಸಿತು. ಭಯೋತ್ಪಾದಕರ ವಿರುದ್ಧ ಕಾರ್ಯಾಚರಣೆ ನಡೆಯುವಾಗ ನೇರ ಪ್ರಸಾರ ಕೂಡದೆಂದು 2015ರಲ್ಲಿ ಕೇಬಲ್ ಟಿವಿ ನಿಯಮಕ್ಕೆ ತಿದ್ದುಪಡಿ ಬಂತು.

ಹಾಗೆಂದು ಬಾಯಿಗೆ ಬೀಗ ಹಾಕಿದರೆ ಕಾವಲು ಗಟ್ಟಿಯಾಗುತ್ತದೆಯೇ? 2024ರ ಮಾರ್ಚ್ 1ರಂದು ಬೆಂಗಳೂರಿನ ರಾಮೇಶ್ವರಂ ಕೆಫೆಯಲ್ಲಿ ಬಾಂಬ್ ಸಿಡಿದಾಗ ಎನ್‌ಐಎ ಶಂಕಿತನ ಚಿತ್ರವನ್ನು ತಾನೇ ಬಿಡುಗಡೆ ಮಾಡಿ, ಸುಳಿವು ಕೊಟ್ಟವರಿಗೆ 10 ಲಕ್ಷ ರೂಪಾಯಿ ಬಹುಮಾನ ಘೋಷಿಸಿತು. ಯಾವುದನ್ನು ಹೇಳಬೇಕು, ಯಾವುದನ್ನು ಬಚ್ಚಿಡಬೇಕು ಎಂಬ ವಿವೇಕ ಬೇಕು, ಅಷ್ಟೆ. ಮುಖ ತೋರಿಸಬಹುದು, ಅವನ ಬೆನ್ನು ಹತ್ತಿದ ಬಗೆಯನ್ನು ತೋರಿಸಬಾರದು.

ಇದಕ್ಕಿಂತ ಕಠಿಣವಾದ ಪ್ರಶ್ನೆ ಎದ್ದದ್ದು 2013ರ ಜೂನ್‌ನಲ್ಲಿ. ಅಮೆರಿಕದ ಎನ್‌ಎಸ್‌ಎ ಸಂಸ್ಥೆಗೆ ಗುತ್ತಿಗೆಯ ಮೇಲೆ ಕೆಲಸ ಮಾಡುತ್ತಿದ್ದ ಎಡ್ವರ್ಡ್ ಸ್ನೋಡನ್ ರಾಶಿ ರಾಶಿ ಗುಪ್ತ ಕಡತಗಳನ್ನು ಪತ್ರಕರ್ತರ ಕೈಗಿತ್ತ. ಭಯೋತ್ಪಾದಕರು ಎಚ್ಚೆತ್ತು ತಮ್ಮ ಸಂಪರ್ಕದ ರೀತಿಯನ್ನೇ ಬದಲಿಸಿದರು ಎಂದು ಅಲ್ಲಿನ ಅಧಿಕಾರಿಗಳು ದೂರಿದರು. ಆ ದೂರನ್ನು ತಳ್ಳಿಹಾಕುವಂತಿಲ್ಲ. ವಿದೇಶದ ಬೇಹುಗಾರಿಕೆಯ ವಿಧಾನಗಳೂ ಆ ರಾಶಿಯಲ್ಲಿದ್ದವು. ಆದರೆ ಕೋಟ್ಯಂತರ ಅಮೆರಿಕನ್ನರ ಫೋನ್ ಕರೆಗಳ ಲೆಕ್ಕವನ್ನು ಸರ್ಕಾರ ಸಗಟಾಗಿ ಸಂಗ್ರಹಿಸುತ್ತಿದೆ ಎಂಬುದು ಜನರಿಗೆ ತಿಳಿದದ್ದೂ ಆಗಲೇ. ಆ ಯೋಜನೆಯಿಂದ ಒಂದೇ ಒಂದು ಭಯೋತ್ಪಾದನೆ ತನಿಖೆಯಲ್ಲಿ ಕೂಡ ಗಣನೀಯ ವ್ಯತ್ಯಾಸವಾದದ್ದು ಕಾಣಲಿಲ್ಲವೆಂದು ಸರ್ಕಾರವೇ ನೇಮಿಸಿದ್ದ ಸ್ವತಂತ್ರ ಮಂಡಳಿ 2014ರ ಜನವರಿಯಲ್ಲಿ ವರದಿ ಕೊಟ್ಟಿತು. 2015ರಲ್ಲಿ ಅಮೆರಿಕದ ಸಂಸತ್ತು ಅದನ್ನು ನಿಲ್ಲಿಸಿತು.

ಅದೇ ಕಡತಗಳಲ್ಲಿ ಮುಂಬಯಿಯ ಮಾತೂ ಇತ್ತು. ಲಷ್ಕರ್‌ನ ತಾಂತ್ರಿಕ ಮುಖ್ಯಸ್ಥ ಜರಾರ್ ಶಾ ಇಂಟರ್‌ನೆಟ್ಟಿನಲ್ಲಿ ಏನು ಮಾಡುತ್ತಿದ್ದಾನೆಂದು ಬ್ರಿಟನ್ ಮತ್ತು ಭಾರತದ ಬೇಹುಗಾರರು ದಾಳಿಗೆ ಮೊದಲೇ ಗಮನಿಸುತ್ತಿದ್ದರು, ಆದರೆ ಸಿಕ್ಕಿದ್ದನ್ನು ಕೂಡಿಸಿ ನೋಡಲಿಲ್ಲ ಎಂದು 2014ರ ಕೊನೆಯಲ್ಲಿ ಅಮೆರಿಕದ ಪತ್ರಿಕೆಗಳು ವರದಿ ಮಾಡಿದವು. ಕಿವಿ ಇತ್ತು, ಕೇಳಿಸಿಯೂ ಇತ್ತು. ಕೇಳಿದ್ದನ್ನು ಅರ್ಥ ಮಾಡಿಕೊಳ್ಳುವ ತಾಳ್ಮೆ ಇರಲಿಲ್ಲ. ಸೋರಿಕೆಯಾಗದೆ ಹೋಗಿದ್ದರೆ ಈ ಲೋಪ ಜನರಿಗೆ ತಿಳಿಯುತ್ತಿತ್ತೇ?

ಕರ್ನಾಟಕಕ್ಕೂ ಈ ಪಾಠ ಹೊಸದಲ್ಲ. 1988ರ ಆಗಸ್ಟ್‌ನಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಪದವಿ ಬಿಟ್ಟದ್ದು ದೂರವಾಣಿ ಕದ್ದಾಲಿಕೆಯ ಪ್ರಕರಣದಲ್ಲಿ. ಪಟ್ಟಿಯಲ್ಲಿದ್ದದ್ದು ಉಗ್ರಗಾಮಿಗಳ ಹೆಸರಲ್ಲ, ರಾಜಕೀಯದವರ ಹೆಸರುಗಳು. 2019ರಲ್ಲಿ ಪೊಲೀಸ್ ಅಧಿಕಾರಿಯೊಬ್ಬರದೆನ್ನಲಾದ ಸಂಭಾಷಣೆ ಟಿವಿಗೆ ಸೋರಿ, ಫೋನ್ ಕದ್ದಾಲಿಕೆಯ ಆರೋಪದ ತನಿಖೆ ಸಿಬಿಐಗೆ ಹೋಯಿತು. ಬೇಲಿಯೇ ಎದ್ದು ಹೊಲ ಮೇಯುತ್ತಿದೆಯೇ ಎಂದು ನೋಡುವವರು ಯಾರಾದರೂ ಇರಬೇಡವೇ?

1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದಕ್ಕೊಂದು ಕಟ್ಟು ಹಾಕಿತು. ಗೃಹ ಕಾರ್ಯದರ್ಶಿಯ ಆದೇಶವಿಲ್ಲದೆ ಫೋನಿಗೆ ಕಿವಿಗೊಡಬಾರದು, ಆದೇಶಕ್ಕೆ ಎರಡು ತಿಂಗಳ ಆಯುಸ್ಸು, ಎಷ್ಟು ಮುಂದುವರಿಸಿದರೂ ಆರು ತಿಂಗಳು ಮೀರಬಾರದು, ಪುನರ್‌ಪರಿಶೀಲನೆಗೆ ಸಮಿತಿ ಇರಬೇಕು ಎಂದಿತು. 2023ರ ದೂರಸಂಪರ್ಕ ಕಾಯ್ದೆ, 2024ರ ನಿಯಮಗಳು ಬಂದ ಮೇಲೂ ಆ ಸಮಿತಿಯಲ್ಲಿ ಕೂರುವವರು ಸರ್ಕಾರದ ಕಾರ್ಯದರ್ಶಿಗಳೇ. ಆದೇಶ ಬರೆಯುವವರೂ ಅಧಿಕಾರಿಗಳು, ಪರಿಶೀಲಿಸುವವರೂ ಅಧಿಕಾರಿಗಳು. ನ್ಯಾಯಾಧೀಶರಿಗೆ ಅಲ್ಲಿ ಕುರ್ಚಿ ಇಲ್ಲ. ಬ್ರಿಟನ್ನಿನಲ್ಲಿ 1994ರಿಂದ ಬೇಹುಗಾರಿಕೆಯ ಲೆಕ್ಕ ಕೇಳಲು ಸಂಸದರ ಸಮಿತಿಯಿದೆ. ಭಾರತದಲ್ಲಿ ಅಂಥದ್ದಿಲ್ಲ.

ಒಳಗಿರುವ ಪ್ರಾಮಾಣಿಕ ನೌಕರನಿಗೆ ತಪ್ಪು ಕಂಡಾಗ ಹೇಳಿಕೊಳ್ಳಲು ಸರಿಯಾದ ಬಾಗಿಲು ಬೇಕು. ಬಾಗಿಲೇ ಇಲ್ಲದ ಮನೆಯಲ್ಲಿ ಜನ ಕಿಂಡಿ ಹುಡುಕುತ್ತಾರೆ, ಆ ಕಿಂಡಿಯಲ್ಲಿ ಒಳ್ಳೆಯವನೂ ನುಸುಳುತ್ತಾನೆ, ಕಳ್ಳನೂ ನುಸುಳುತ್ತಾನೆ. 1923ರ ಅಧಿಕೃತ ರಹಸ್ಯ ಕಾಯ್ದೆಗೆ ಇವರಿಬ್ಬರ ನಡುವಿನ ವ್ಯತ್ಯಾಸ ಕಾಣುವುದು ಕಷ್ಟ.

ಆದ್ದರಿಂದ ಗುಟ್ಟೊಂದು ಸೋರಿತೆಂದು ಗುಲ್ಲೆದ್ದಾಗ ಕೇಳಬೇಕಾದದ್ದು ಇಷ್ಟೇ: ಕಾವಲುಗಾರ ಎಲ್ಲಿ ಅಡಗಿ ಕೂತಿದ್ದಾನೆಂದು ಕಳ್ಳನಿಗೆ ತಿಳಿಯಿತೇ? ಅಥವಾ ಕಾವಲುಗಾರ ಯಾರ ಮನೆ ಹೊಕ್ಕಿದ್ದಾನೆಂದು ಊರಿಗೆ ತಿಳಿಯಿತೇ? ಮೊದಲನೆಯದಕ್ಕೆ ಶಿಕ್ಷೆಯಾಗಲಿ. ಎರಡನೆಯದಕ್ಕೂ ಅದೇ ಶಿಕ್ಷೆ ಎನ್ನುವ ಸರ್ಕಾರದ ಕಾವಲನ್ನು ಜನ ಬಹಳ ದಿನ ನಂಬುವುದಿಲ್ಲ. ಜನ ನಂಬದ ಪೊಲೀಸರಿಗೆ ಬಾತ್ಮಿ ತಂದುಕೊಡುವವರು ಯಾರು?