ಗೆಲ್ಲುವ ಮೊದಲಿನ ಹಣ

ಮೊನ್ನೆ ಚಿಕ್ಕೋಡಿಯ ಪೇಟೆಯಲ್ಲಿ ಒಂದು ಅಂಗಡಿಯ ಕಟ್ಟೆಯ ಮೇಲೆ ನಾಲ್ವರು ಇಂಜಿನಿಯರಿಂಗ್ ವಿದ್ಯಾರ್ಥಿಗಳು ದಣಿದು ಕುಳಿತಿದ್ದರು. ಕೈಯಲ್ಲೊಂದು ಕಡತ; ಅದರಲ್ಲಿ ತಾವೇ ಕಟ್ಟಬೇಕೆಂದಿರುವ, ಒಬ್ಬನೇ ಕೂಡ್ರಬಹುದಾದ ಪಂದ್ಯದ ಗಾಡಿಯ ನಕ್ಷೆ ಮತ್ತು ಖರ್ಚಿನ ಪಟ್ಟಿ. ಪ್ರಾಯೋಜಕರನ್ನು ಹುಡುಕುತ್ತ ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳನ್ನೆಲ್ಲ ಸುತ್ತಿ ಬಂದಿದ್ದರು.

“ಏನಾದ್ರೂ ಸಿಕ್ಕಿತೇನ್ರಪಾ?” ಎಂದು ಕೇಳಿದೆ.

“ಎಲ್ಲಾ ಕಡೆ ಚಹಾ ಕೊಟ್ಟಾರ್ರೀ ಸರ್. ಗೆದ್ದ ಮ್ಯಾಲೆ ಬರ್ರಿ ಅಂದಾರ,” ಎಂದನೊಬ್ಬ.

ಆ ಮಾತು ನನ್ನನ್ನು ಬಿಡದೆ ಕಾಡುತ್ತಿದೆ.

ಅವರು ಹೊರಟಿರುವುದು ‘ಬಾಹಾ’ ಎಂಬ ಸ್ಪರ್ಧೆಗೆ. 1976ರಲ್ಲಿ ಅಮೆರಿಕದ ದಕ್ಷಿಣ ಕ್ಯಾರೊಲಿನಾ ವಿಶ್ವವಿದ್ಯಾಲಯದಲ್ಲಿ ಮೊದಲಾದ ಈ ಪದ್ಧತಿ 2007ರಲ್ಲಿ ನಮ್ಮ ದೇಶದ ಪೀತಂಪುರಕ್ಕೆ ಬಂದಿತು. ಇದು ಬರಿಯ ಓಟವಲ್ಲ. ಗಾಡಿಯ ವಿನ್ಯಾಸ, ವೆಚ್ಚ, ಬ್ರೇಕು ಇವುಗಳನ್ನು ಪರೀಕ್ಷಕರು ತೂಗಿ ನೋಡುತ್ತಾರೆ. ಆಮೇಲೆ ಕಲ್ಲುಮಣ್ಣಿನ ದಾರಿಯಲ್ಲಿ ನಾಲ್ಕು ಗಂಟೆಗಳ ಸಹನೆಯ ಓಟ. ಪುಸ್ತಕದ ವಿದ್ಯೆ ಕಬ್ಬಿಣವನ್ನು ಮುಟ್ಟಿ ನೋಡುವ ಸಂದರ್ಭವಿದು.

ನಮ್ಮ ಸೀಮೆಗೆ ಓಟದ ಮೋಹ ಹೊಸದೇನೂ ಅಲ್ಲ. ಜಾತ್ರೆಗಳಲ್ಲಿ ಎತ್ತಿನ ಗಾಡಿಯ ಶರ್ಯತ್ತಿಗೆ ಬಹುಮಾನವಿಡುವ ಉದಾರಿಗಳು ಬೇಕಾದಷ್ಟು ಮಂದಿ ಇದ್ದಾರೆ. 2014ರಲ್ಲಿ ಇಂಥ ಓಟಗಳನ್ನು ತಡೆದಿದ್ದ ಸುಪ್ರೀಂ ಕೋರ್ಟು 2023ರಲ್ಲಿ ನಮ್ಮ ರಾಜ್ಯದ ತಿದ್ದುಪಡಿ ಕಾಯಿದೆಯನ್ನು ಎತ್ತಿಹಿಡಿಯಿತು. ಆದರೆ ಬಹುಮಾನವೆಂಬುದು ಗೆದ್ದವನಿಗೆ ಸಲ್ಲುವುದು. ಎತ್ತಿಗೆ ವರ್ಷವಿಡೀ ಹಿಂಡಿ ಹಾಕಿದ ಖರ್ಚು ಅದರ ಒಡೆಯನದು. ಇದ್ದವನು ಅದನ್ನು ತಾಳಿಯಾನು. ಕಬ್ಬಿನ ಬಿಲ್ಲಿಗೆ ಕಾದು ಕುಳಿತ ರೈತನ ಮಗ ಗಾಡಿಯ ಪೈಪಿಗೆ, ಟಯರಿಗೆ ಎಲ್ಲಿಂದ ತಂದಾನು?

ಹಾಗೆಂದು ತಪ್ಪೆಲ್ಲ ಕೊಡುವವರದೇ ಎನ್ನಲಾರೆ. ಹುಡುಗರ ಮನವಿಯಲ್ಲಿ, ಗಾಡಿಯ ಮೈಮೇಲೆ ಕಂಪನಿಯ ಹೆಸರು ಬರೆಯುವೆವು, ಸಾಮಾಜಿಕ ಹೊಣೆಯ ನಿಧಿಯಿಂದ ಹಣ ಕೊಡಿರಿ ಎಂದಿತ್ತು. ಇಲ್ಲೊಂದು ತೊಡಕುಂಟು. 2013ರ ಕಂಪನಿ ಕಾಯಿದೆಯಂತೆ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇಕಡ 2ರಷ್ಟನ್ನು ಸಮಾಜಕಾರ್ಯಕ್ಕೆ ವೆಚ್ಚ ಮಾಡಬೇಕು. ಆದರೆ ಸರಕಿನ ಪ್ರಚಾರಕ್ಕಾಗಿ ಕೊಟ್ಟ ಪ್ರಾಯೋಜಕತ್ವವು ಆ ಲೆಕ್ಕಕ್ಕೆ ಸೇರದೆಂದು 2021ರ ನಿಯಮ ಸ್ಪಷ್ಟವಾಗಿ ಹೇಳಿದೆ. ಸಹಕಾರಿ ಕಾರ್ಖಾನೆಗಳಿಗಂತೂ ಆ ಕಾಯಿದೆಯೇ ಅನ್ವಯಿಸದು. ಬೇಡುವುದು ದಾನವೋ ಜಾಹೀರಾತೋ ಎಂಬುದನ್ನು ಮೊದಲು ತಾವೇ ನಿರ್ಧರಿಸಿಕೊಳ್ಳಬೇಕು.

ಹಣವನ್ನೇ ಬೇಡಬೇಕೆಂದೂ ಇಲ್ಲ. 1939ರಲ್ಲಿ ಸ್ಥಾಪನೆಯಾದ ಉಗಾರದ ಕಾರ್ಖಾನೆ ಮೊದಲುಗೊಂಡು ಈ ಭಾಗದಲ್ಲಿ ಸಕ್ಕರೆ ಕಾರ್ಖಾನೆಗಳು ಹಲವು. ಕಬ್ಬು ಅರೆಯುವ ಹಂಗಾಮು ಮುಗಿದ ಮೇಲೆ ಯಂತ್ರಗಳನ್ನು ಬಿಚ್ಚಿ ಸರಿಪಡಿಸುವ ನುರಿತ ಫಿಟ್ಟರುಗಳು, ವೆಲ್ಡರುಗಳು ಅಲ್ಲಿದ್ದಾರೆ. ಅಂಥವರ ಕೈಕೆಳಗೆ ಹದಿನೈದು ದಿನ ಕೆಲಸ ಕಲಿಯಲು ಬಿಟ್ಟರೆ ಅದೂ ದೊಡ್ಡ ನೆರವೇ. ಪಡೆದವರು ಪೈಸೆ ಪೈಸೆಯ ಲೆಕ್ಕವನ್ನೂ, ಸೋತರೆ ಸೋತ ಕಾರಣವನ್ನೂ ಬರೆದು ಒಪ್ಪಿಸಬೇಕು.

ಲಕ್ಷ್ಮಣರಾವ ಕಿರ್ಲೋಸ್ಕರರು ನಮ್ಮ ಜಿಲ್ಲೆಯವರೇ. ಬೆಳಗಾವಿಯ ಸೈಕಲ್ ಅಂಗಡಿಯಿಂದ ಆರಂಭಿಸಿ ಕಬ್ಬಿಣದ ನೇಗಿಲು ಮಾಡಿದರು. ರೈತರು ಮೊದಮೊದಲು ಅದನ್ನು ಕೊಳ್ಳಲು ಹಿಂಜರಿದರು. ಬೆಳಗಾವಿಯಲ್ಲಿ ನೆಲೆ ತಪ್ಪಿದಾಗ ಔಂಧದ ಅರಸರು ಜಾಗ ಕೊಟ್ಟರು. 1910ರಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. ಗೆದ್ದ ಮೇಲೆ ಬಾ ಎಂದು ಆ ಅರಸರು ಹೇಳಿದ್ದರೆ ಆ ಕಾರ್ಖಾನೆ ಅಲ್ಲಿ ಏಳುತ್ತಿರಲಿಲ್ಲ.

ಶಿಕ್ಷಕನ ಕಿಸೆಯಲ್ಲಿ ಇರುವುದೆಷ್ಟು! ಕೊಟ್ಟದ್ದು ಅಲ್ಪವೇ. ಆದರೂ ಹುಡುಗರು ಕಟ್ಟೆಯ ಮೇಲೆಯೇ ಕುಳಿತು ರಸೀದಿ ಹರಿದುಕೊಟ್ಟರು. ಅದರ ಮೇಲಿನ ಸಂಖ್ಯೆ ಒಂದು.