ಬೀಗ ಮಾಡುವವರ ಉಮೇದುವಾರಿ

ನಮ್ಮೂರಿನ ಹೆಸರು ಕೇಳಿದೊಡನೆ ಪರಸ್ಥಳದವರು ಒಂದು ನಗೆ ನಗುವುದುಂಟು. "ಕಳ್ಳಂಬೆಳ್ಳವೇ? ಹಾಗಾದರೆ ಮನೆಗೆ ಬೀಗ ಭದ್ರವಾಗಿರಬೇಕು!" ಎನ್ನುತ್ತಾರೆ. ಬಾಲ್ಯದಿಂದ ಈ ವಿನೋದವನ್ನು ಕೇಳುತ್ತ ಬಂದ ನನಗೆ, ಮೊನ್ನೆ ಬೀಗದ ಮಾತೇ ಗಂಭೀರವಾಗಿ ಎದುರಾಯಿತು.

ಸಂಜೆ ಕೆರೆಯ ಏರಿಯ ಮೇಲೆ ತಿರುಗಾಡುತ್ತಿದ್ದಾಗ ಪರಿಚಿತರಾದ ಗೌಡರೊಬ್ಬರು ಜೊತೆಗೂಡಿದರು. ಅವರ ಮಗ ಗಣಿತದಲ್ಲಿ ಪಿಎಚ್.ಡಿ. ಮುಗಿಸಿದ್ದಾನೆ.

"ಮೇಷ್ಟ್ರೇ, ಇವನ ಓದು ಮುಗಿಯಿತು ಅಂದುಕೊಂಡಿದ್ದೆ. ಈಗ ಪೋಸ್ಟ್ ಡಾಕ್ಟರಲ್ ಅಂತೆ. ಎರಡೇ ವರ್ಷವಂತೆ. ಓದೂ ಅಲ್ಲ, ನೌಕರಿಯೂ ಅಲ್ಲ. ಇದೇನು ಸ್ವಾಮಿ, ಮತ್ತೊಂದು ಉಮೇದುವಾರಿಯೇ?" ಎಂದು ಕೇಳಿದರು.

ವಿಷಯ ಯಾವುದೆಂದು ವಿಚಾರಿಸಿದೆನು. "ಕ್ವಾಂಟಮ್ ಯಂತ್ರ ಬಂದರೂ ಮುರಿಯದ ಬೀಗ" ಎಂದು ಮಗ ಹೇಳಿದ್ದನಂತೆ.

ಗೂಢಲಿಪಿಯೆಂದರೆ ಕನ್ನಡದ ಮೇಷ್ಟ್ರಿಗೆ ಮೊದಲು ನೆನಪಾಗುವುದು ಕುಮುದೇಂದು ಮುನಿಯ 'ಸಿರಿಭೂವಲಯ'. 1953ರಲ್ಲಿ ಅಚ್ಚಿನ ಬೆಳಕು ಕಂಡ ಈ ಕೃತಿಯ ಕಾಲದ ಬಗೆಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಅದರ ಮೂಲದಲ್ಲಿ ಅಕ್ಷರಗಳೇ ಇಲ್ಲ. 27 ಅಡ್ಡಸಾಲು, 27 ನೀಟಸಾಲುಗಳ ಚೌಕಗಳಲ್ಲಿ 1ರಿಂದ 64ರವರೆಗಿನ ಅಂಕಗಳಿವೆ. ಒಂದೊಂದು ಅಂಕಕ್ಕೆ ಒಂದೊಂದು ಧ್ವನಿ. ಯಾವ ಮನೆಯಿಂದ ಯಾವ ಮನೆಗೆ ನಡೆಯಬೇಕೆಂಬ ದಾರಿ ತಿಳಿದವನಿಗೆ ಪದ್ಯ, ತಿಳಿಯದವನಿಗೆ ಬರಿಯ ಲೆಕ್ಕದ ಪುಸ್ತಕ. ಆದರೆ ಆ ದಾರಿ ಒಮ್ಮೆ ಬಯಲಾದರೆ ಗುಟ್ಟೂ ಬಯಲು.

ಇಂದಿನ ಬೀಗದ ರೀತಿ ಬೇರೆ. ಇದು ದೇವಸ್ಥಾನದ ಹುಂಡಿಯಂತೆ. ಹುಂಡಿ ಎಲ್ಲರ ಕಣ್ಣೆದುರಿಗಿದೆ, ಕಾಣಿಕೆಯನ್ನು ಯಾರು ಬೇಕಾದರೂ ಹಾಕಬಹುದು, ತೆಗೆಯುವುದು ಮಾತ್ರ ಬೀಗದ ಕೈ ಉಳ್ಳವನಿಂದಲೇ ಸಾಧ್ಯ. 1977ರಲ್ಲಿ ರೂಪುಗೊಂಡ ಆರ್.ಎಸ್.ಎ. ಎಂಬ ಬೀಗ ನಿಂತಿರುವುದು ಒಂದು ಸಣ್ಣ ಲೆಕ್ಕದ ಮೇಲೆ. 89ನ್ನು 97ರಿಂದ ಗುಣಿಸಿರೆಂದರೆ ಶಾಲೆಯ ಹುಡುಗನೂ 8633 ಎನ್ನುವನು. 8633 ಯಾವ ಎರಡು ಸಂಖ್ಯೆಗಳ ಗುಣಲಬ್ಧವೆಂದರೆ ದೊಡ್ಡವರೂ ತಡವರಿಸುವರು. ಸಂಖ್ಯೆ ಆರುನೂರು ಅಂಕೆಗಳಷ್ಟು ಉದ್ದವಾದರೆ ಇಂದಿನ ಯಂತ್ರಗಳೂ ಸೋಲುತ್ತವೆ.

1994ರಲ್ಲಿ ಪೀಟರ್ ಶೋರ್ ಎಂಬ ಗಣಿತಜ್ಞನು, ಕ್ವಾಂಟಮ್ ಗಣಕಯಂತ್ರ ಸಾಕಷ್ಟು ದೊಡ್ಡದಾಗಿ ಬೆಳೆದರೆ ಈ ಲೆಕ್ಕವನ್ನು ಬೇಗನೆ ಬಿಡಿಸಬಲ್ಲದೆಂದು ತೋರಿಸಿದನು. ಅಷ್ಟು ದೊಡ್ಡ ಯಂತ್ರವಿನ್ನೂ ಹುಟ್ಟಿಲ್ಲ. ಆದರೆ ಕಳ್ಳನಿಗೆ ತಾಳ್ಮೆಯುಂಟು. ಇಂದಿನ ಗುಪ್ತಪತ್ರಗಳನ್ನು ನಕಲು ಮಾಡಿಟ್ಟುಕೊಂಡು, ಯಂತ್ರ ಬಂದ ದಿನ ತೆರೆಯಬಹುದು.

ಗೌಡರಿಗೆ ಇದನ್ನು ಹೇಳಿದಾಗ, "ಬ್ಯಾಂಕಿನವರ ಚಿಂತೆ ನಮಗೇಕೆ?" ಎಂದರು. "ನಿಮ್ಮ ಪಹಣಿಯ ಮೇಲೆ ಈಗಿರುವುದು ಮಸಿಯ ರುಜುವಲ್ಲ, ಗಣಕಯಂತ್ರದ ರುಜು. ಅದನ್ನು ಕಾಯುತ್ತಿರುವುದೂ ಇಂಥ ಲೆಕ್ಕವೇ" ಎಂದೆನು. ಗೌಡರು ನಡಿಗೆ ನಿಲ್ಲಿಸಿದರು.

ಹೊಸ ಬೀಗಗಳಿಗಾಗಿ ಅಮೆರಿಕದ ಮಾನಕ ಸಂಸ್ಥೆಯು 2016ರಲ್ಲಿ ಲೋಕದ ವಿದ್ವಾಂಸರಿಗೆಲ್ಲ ಆಹ್ವಾನವಿತ್ತು, 2024ರ ಆಗಸ್ಟಿನಲ್ಲಿ ಮೂರು ವಿಧಾನಗಳನ್ನು ಪ್ರಕಟಿಸಿತು. ಅವುಗಳಲ್ಲಿ ಎರಡರ ಗುಟ್ಟು ತೆಂಗಿನ ತೋಟದ ಗುಟ್ಟು. ಸಾಲು ಹಿಡಿದು ನೆಟ್ಟ ತೋಟದಲ್ಲಿ ನಿಂತವನಿಗೆ ಹತ್ತಿರದ ಮರ ಯಾವುದೆಂದು ಕಣ್ಣೇ ಹೇಳುತ್ತದೆ. ಆದರೆ ತೋಟ ಉದ್ದ ಅಗಲಗಳೆರಡರಲ್ಲಿ ಮಾತ್ರವಲ್ಲದೆ ನೂರಾರು ದಿಕ್ಕುಗಳಲ್ಲಿ ಹಬ್ಬಿದ್ದರೆ? ಆ ಮರವನ್ನು ಹುಡುಕುವ ಸುಲಭೋಪಾಯ ಕ್ವಾಂಟಮ್ ಯಂತ್ರಕ್ಕೂ ಇದುವರೆಗೆ ಸಿಕ್ಕಿಲ್ಲ.

'ಇದುವರೆಗೆ' ಎಂಬ ಮಾತಿನಲ್ಲಿಯೇ ಈ ಹುಡುಗರ ಉದ್ಯೋಗವಿದೆ. ಬೀಗ ಮಾಡುವುದು ಅರ್ಧ ಕೆಲಸ, ಕಳ್ಳನಿಗಿಂತ ಮೊದಲು ಅದನ್ನು ತಾವೇ ಮುರಿದು ನೋಡುವುದು ಉಳಿದರ್ಧ. 'ಸೈಕ್' ಎಂಬ ಬೀಗ ಅದೇ ಪರೀಕ್ಷೆಯ ಹಲವು ಸುತ್ತುಗಳನ್ನು ದಾಟಿತ್ತು. 2022ರಲ್ಲಿ ಬೆಲ್ಜಿಯಮ್ಮಿನ ಲ್ಯೂವೆನ್ ವಿಶ್ವವಿದ್ಯಾಲಯದ ಇಬ್ಬರು ಅದರ ಒಂದು ಮಾದರಿಯನ್ನು ಸಾಮಾನ್ಯ ಗಣಕಯಂತ್ರದಲ್ಲಿ ಸುಮಾರು ಒಂದು ಗಂಟೆಯಲ್ಲಿ ತೆರೆದುಬಿಟ್ಟರು! ಮುರಿದವರು ವಿದ್ವಾಂಸರಾದುದು ಲೋಕದ ಪುಣ್ಯ.

ನಮ್ಮ ದೇಶವೂ ನಿದ್ರಿಸುತ್ತಿಲ್ಲ. 2023ರಲ್ಲಿ ಒಪ್ಪಿಗೆ ಪಡೆದ ರಾಷ್ಟ್ರೀಯ ಕ್ವಾಂಟಮ್ ಮಿಷನ್ನಿಗೆ ಆರು ಸಾವಿರ ಕೋಟಿ ರೂಪಾಯಿಗೂ ಮಿಕ್ಕಿದ ಹಣ ಗೊತ್ತಾಗಿದೆ. ಅದರ ಗಣಕಯಂತ್ರ ವಿಭಾಗದ ಕೇಂದ್ರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. ಬೀಗ ಒಡೆಯಬಲ್ಲ ಯಂತ್ರಕ್ಕೆ ದುಡಿಯುವವರಂತೆಯೇ ಬೀಗ ಕಟ್ಟುವವರೂ ಬೇಕಲ್ಲವೇ? ಆದರೆ ಅವರ ಬಾಳು ನೋಡಿ. ನಮ್ಮ ರಾಷ್ಟ್ರೀಯ ಪೋಸ್ಟ್ ಡಾಕ್ಟರಲ್ ಫೆಲೋಷಿಪ್ಪಿನ ಅವಧಿ ಎರಡು ವರ್ಷ. ಬಳಿಕ ಮತ್ತೆ ಅರ್ಜಿ, ಮತ್ತೆ ಊರು ಬದಲು. ಮದುವೆಯ ಮಾತು ತಂದವರು "ಖಾಯಂ ಆಗಿದೆಯೇ?" ಎಂದು ಕೇಳಿ ಹಿಂದಿರುಗುತ್ತಾರೆ. ಮೂವತ್ತು ವರ್ಷ ಮುಚ್ಚಿರಬೇಕಾದ ಗುಟ್ಟನ್ನು ಎರಡು ವರ್ಷದ ಕಾವಲುಗಾರನಿಗೆ ಒಪ್ಪಿಸುವ ಈ ವ್ಯವಸ್ಥೆ ವಿವೇಕವೆಂದು ನನಗೆ ತೋರದು. ಹುಡುಗನನ್ನು ಪರದೇಶ ಸೆಳೆದುಕೊಂಡರೆ ಅವನನ್ನು ದೂರುವ ಮೊದಲು ಇದನ್ನು ಯೋಚಿಸಬೇಕು.

ಗೌಡರು ಬಹಳ ಹೊತ್ತು ಕೆರೆಯ ನೀರನ್ನೇ ನೋಡುತ್ತ ನಿಂತಿದ್ದು, ಕೊನೆಗೆ ಹೇಳಿದರು: "ಅಲ್ಲ ಮೇಷ್ಟ್ರೇ, ಕಾಯುವವನಿಗೆ ಎರಡೇ ವರ್ಷದ ಸಂಬಳ, ಕಳ್ಳನಿಗೆ ಆಯುಷ್ಯವೆಲ್ಲ ಕೆಲಸ! ಇದು ಯಾವ ನ್ಯಾಯ?"

ನನ್ನಲ್ಲಿ ಉತ್ತರವಿರಲಿಲ್ಲ. ಮನೆಯ ದಾರಿ ಹಿಡಿದಾಗ ಅವರೇ ಮತ್ತೆ ನುಡಿದರು: "ಹೋಗಲಿ ಬಿಡಿ. ಎರಡು ವರ್ಷದ ಮಟ್ಟಿಗೆ ತೋಟ ನಾನೇ ನೋಡಿಕೊಳ್ಳುತ್ತೇನೆ. ಅವನು ಆ ತೋಟದಲ್ಲಿ ಮರ ಹುಡುಕಲಿ."